ತನ್ನನ್ನೇ ಬೈದುಕೊಳ್ಳುವ ಮಾಲೀಕ ಲೆಕ್ಕ ನೋಡುವುದಿಲ್ಲ

ವ್ಯಾಪಾರ ಚೆನ್ನಾಗಿರುವ ತಿಂಗಳು ಮಾಲೀಕರು ತಾವೇ ಫೋನ್ ಮಾಡುತ್ತಾರೆ. ‘ಮೇಡಂ, ಸೇಲ್ಸ್ ಬಿಲ್ ಎಲ್ಲಾ ವಾಟ್ಸಾಪ್ ಮಾಡಿದೀನಿ, ನೋಡಿದ್ರಾ?’ ಅಂತ. ಕೈ ಕಚ್ಚಿದ ತಿಂಗಳು ನಾನು ಮಾಡಿದ ಫೋನನ್ನೂ ಎತ್ತುವುದಿಲ್ಲ. ಎತ್ತಿದರೂ ‘ನಾಳೆ ಕೂತ್ಕೊಳ್ಳೋಣ ಮೇಡಂ’ ಎನ್ನುತ್ತಾರೆ. ಆ ನಾಳೆ ಬರುವಷ್ಟರಲ್ಲಿ ಕಟ್ಟುವ ದಿನ ದಾಟಿ, ಬಡ್ಡಿ, ಲೇಟ್ ಫೀ ಎಲ್ಲಾ ಸೇರಿಕೊಂಡಿರುತ್ತದೆ.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪ್‌ಗಳ ಅಕೌಂಟ್ಸ್, ಜಿಎಸ್‌ಟಿ ನೋಡಿಕೊಳ್ಳುವುದು ನನ್ನ ಕೆಲಸ. ಎರಡು ಸಿಎನ್‌ಸಿ (ಕಂಪ್ಯೂಟರಿನಿಂದ ನಡೆಯುವ ಮೆಷಿನ್), ಒಂದು ಹಳೇ ಲೇತ್, ಆರೇಳು ಜನ ಕೆಲಸದವರು, ಬಾಡಿಗೆ ಶೆಡ್ಡು. ಇಂಥವೇ ಜಾಸ್ತಿ. ಮಾಲೀಕರಲ್ಲಿ ಹೆಚ್ಚಿನವರು ಐಟಿಐ ಅಥವಾ ಡಿಪ್ಲೊಮಾ ಓದಿ, ಯಾವುದೋ ಫ್ಯಾಕ್ಟರಿಯ ಟೂಲ್‌ರೂಮಿನಲ್ಲಿ ಕೈ ಪಳಗಿಸಿಕೊಂಡು, ಆಮೇಲೆ ಧೈರ್ಯ ಮಾಡಿ ಸ್ವಂತಕ್ಕೆ ಇಳಿದವರು. ಮೆಷಿನ್ ಸಾಲಕ್ಕೆ ಮನೆಯನ್ನೇ ಅಡ ಇಟ್ಟವರು. ಇವರಲ್ಲಿ ಕಷ್ಟಪಡದವರು ಯಾರೂ ಇಲ್ಲ. ಬೆಳಗ್ಗೆ ಶಟರ್ ಎತ್ತುವವರೂ ಅವರೇ, ಆಪರೇಟರ್ ರಜೆ ಹಾಕಿದರೆ ರಾತ್ರಿ ಶಿಫ್ಟಿಗೆ ನಿಲ್ಲುವವರೂ ಅವರೇ.

ಹಾಗಿದ್ದರೂ ಕೆಲವರು ಏಟು ಬಿದ್ದಾಗ ಎದ್ದು ನಿಂತರು, ಕೆಲವರು ಎದ್ದೇಳಲಿಲ್ಲ. ಬುದ್ಧಿವಂತಿಕೆ, ಬಂಡವಾಳ, ಅದೃಷ್ಟ ಎಲ್ಲಕ್ಕೂ ಇದರಲ್ಲಿ ಪಾಲಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ಮೇಜಿನ ಈ ಕಡೆಯಿಂದ ನೋಡಿದಾಗ ಇನ್ನೊಂದು ವ್ಯತ್ಯಾಸ ಕಾಣುತ್ತದೆ. ನಷ್ಟ ಆದ ವಾರವೇ ಕಾಗದಗಳನ್ನು ಎದುರಿಗೆ ಹರಡಿಕೊಂಡು ಕೂರಬಲ್ಲವರು ಉಳಿದುಕೊಂಡಿದ್ದಾರೆ. ಹಾಗೆ ಕೂರುವುದಕ್ಕೆ ತನ್ನ ಮೇಲೆ ತನಗೇ ಸ್ವಲ್ಪ ಕರುಣೆ ಬೇಕು. ಕಾಗದ ತೆರೆದರೆ ‘ನೀನು ದಂಡ, ನಿನ್ನ ಕೈಲಿ ಏನೂ ಆಗಲ್ಲ’ ಎಂಬ ಬೈಗುಳವೇ ಕೇಳುವ ಹಾಗಿದ್ದರೆ ಯಾರು ತಾನೇ ತೆರೆಯುತ್ತಾರೆ?

ಮನಶ್ಶಾಸ್ತ್ರದವರು ಇದನ್ನು ಸೆಲ್ಫ್ ಕಂಪ್ಯಾಷನ್ ಎನ್ನುತ್ತಾರೆ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್ 2003ರಲ್ಲಿ ಇದರ ಬಗ್ಗೆ ಬರೆದ ಮೇಲೆ ಇದು ದೊಡ್ಡ ಸಂಶೋಧನೆಯ ವಿಷಯವಾಯಿತು. ಅವರು ಹೇಳುವುದರಲ್ಲಿ ಮೂರು ಮಾತುಗಳಿವೆ. ಕಷ್ಟದಲ್ಲಿದ್ದಾಗ ನಮ್ಮನ್ನು ನಾವು ಹಂಗಿಸದೆ ಆಪ್ತರನ್ನು ನೋಡುವ ಹಾಗೆ ನೋಡಿಕೊಳ್ಳುವುದು. ಇಂಥ ಸೋಲು ನನಗೊಬ್ಬನಿಗೇ ಬಂದದ್ದಲ್ಲ, ಮನುಷ್ಯರಾದವರಿಗೆಲ್ಲ ಬರುತ್ತದೆ ಎಂದು ತಿಳಿಯುವುದು. ನೋವನ್ನು ಮುಚ್ಚಿಡದೆ, ಅದರಲ್ಲೇ ಮುಳುಗಿಯೂ ಹೋಗದೆ, ಇದ್ದದ್ದನ್ನು ಇದ್ದ ಹಾಗೆ ಕಾಣುವುದು. ಮೂರನೆಯದನ್ನು ಜನ ಮರೆಯುತ್ತಾರೆ. ಕರುಣೆ ಎಂದ ಕೂಡಲೇ ತಲೆ ಸವರುವುದು ಮಾತ್ರ ನೆನಪಾಗುತ್ತದೆ. ಇದ್ದದ್ದನ್ನು ಇದ್ದ ಹಾಗೆ ನೋಡುವುದೂ ಅದರಲ್ಲಿ ಸೇರಿದೆ. ನನ್ನಂಥ ಲೆಕ್ಕದವಳಿಗೆ ಬಹಳ ಮುಖ್ಯವಾಗಿ ಕಾಣುವುದು ಅದೇ.

ಇದ್ದದ್ದು ಇದ್ದ ಹಾಗೆ ಅಂದರೆ ಏನು? ಒಂದು ಲೆಕ್ಕ ಹೇಳುತ್ತೇನೆ. ನೀವು ಐದು ಲಕ್ಷದ ಮಾಲು ಮಾಡಿ ಕಳಿಸಿದ್ದೀರಿ. ಬಿಲ್ಲಿನಲ್ಲಿ 18% ಜಿಎಸ್‌ಟಿ, ಅಂದರೆ 90,000 ರೂಪಾಯಿ. ಇನ್‌ಪುಟ್ ಕ್ರೆಡಿಟ್, ಅಂದರೆ ಸಾಮಾನು ಕೊಳ್ಳುವಾಗ ನೀವು ಆಗಲೇ ಕೊಟ್ಟ ಜಿಎಸ್‌ಟಿ, ಕಳೆದು ಉಳಿದದ್ದನ್ನು ತಿಂಗಳ ರಿಟರ್ನ್ ಹಾಕುವವರು ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ಗಿರಾಕಿ ಕಂಪನಿ ನಿಮಗೆ ದುಡ್ಡು ಕೊಟ್ಟಿದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಆ ಕಂಪನಿ ಕೊಡುವುದು 90 ದಿನಕ್ಕೋ 120 ದಿನಕ್ಕೋ. ಅಷ್ಟರಲ್ಲಿ ನೀವು ಮೂರು ಸಲ ಸಂಬಳ ಕೊಟ್ಟಿರುತ್ತೀರಿ, ಮೂರು ಸಲ ಕರೆಂಟ್ ಬಿಲ್ ಕಟ್ಟಿರುತ್ತೀರಿ, ಕಬ್ಬಿಣದ ಅಂಗಡಿಯವರಿಗೆ ಕೈಮೇಲೆ ದುಡ್ಡು ಎಣಿಸಿರುತ್ತೀರಿ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವ ಗಾದೆ ಪೀಣ್ಯದಲ್ಲಿ ದಿನಾ ಕಣ್ಣಿಗೆ ಬೀಳುತ್ತದೆ.

ಕಾನೂನಿನಲ್ಲಿ ಹೀಗಾಗಬಾರದು. 2006ರ ಎಂಎಸ್‌ಎಂಇ (ಮೈಕ್ರೋ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಮೈಕ್ರೋ ಮತ್ತು ಸಣ್ಣ ಘಟಕಗಳಿಗೆ ಬರಬೇಕಾದ ದುಡ್ಡನ್ನು, ಒಪ್ಪಂದ ಏನೇ ಇರಲಿ, 45 ದಿನದೊಳಗೆ ಕೊಡಲೇಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಸರ್ಕಾರದ ಪೋರ್ಟಲ್ ಕೂಡ ಇದೆ. ಆದರೆ ದೂರು ಕೊಟ್ಟ ಮರುದಿನ ಆರ್ಡರ್ ನಿಂತುಹೋದರೆ? ಆ ಭಯಕ್ಕೆ ಹೆಚ್ಚಿನವರು ಸುಮ್ಮನಿರುತ್ತಾರೆ. ಅದು ಸುಳ್ಳು ಭಯ ಅಂತ ನಾನು ಹೇಳಲಾರೆ.

ಈಗ ನೋಡಿ. ದುಡ್ಡು ತಿರುಗದೆ ಕಂತು ತಪ್ಪಿದ ಮಾಲೀಕ ರಾತ್ರಿ ಮಲಗಿದಾಗ ‘ಪೇಮೆಂಟ್ ತಡವಾಯಿತು, ಅದಕ್ಕೆ ಹೀಗಾಯಿತು’ ಎಂದುಕೊಳ್ಳುವುದಿಲ್ಲ. ‘ನಾನೇ ಸರಿಯಿಲ್ಲ’ ಎಂದುಕೊಳ್ಳುತ್ತಾನೆ. 2020ರ ಮಾರ್ಚಿನಲ್ಲಿ ಇಡೀ ದೇಶಕ್ಕೆ ಬೀಗ ಬಿದ್ದಾಗಲೂ, ಮೆಷಿನ್ ನಿಂತದ್ದಕ್ಕೆ ತನ್ನನ್ನೇ ದೂರಿಕೊಂಡವರನ್ನು ನಾನು ಕಂಡಿದ್ದೇನೆ. ಊರಿಗೆಲ್ಲ ಬಂದ ಕಷ್ಟವನ್ನೂ ತನ್ನ ತಲೆಗೇ ಕಟ್ಟಿಕೊಳ್ಳುವ ಸ್ವಭಾವ ಇದು.

ಪಕ್ಕದ ಶೆಡ್ಡಿನಲ್ಲೂ ಅದೇ ಕಥೆ. ಆದರೆ ಟೀ ಅಂಗಡಿಯಲ್ಲಿ ಇಬ್ಬರೂ ಸಿಕ್ಕಾಗ ‘ಹೆಂಗಿದೆ ಸಾರ್?’ ಅಂದರೆ ‘ಫುಲ್ ಲೋಡ್ ಸಾರ್, ಪುರುಸೊತ್ತಿಲ್ಲ’ ಎಂದೇ ಉತ್ತರ. ಇಬ್ಬರ ಪುಸ್ತಕವೂ ನನ್ನ ಹತ್ತಿರ ಇರುತ್ತದೆ. ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ, ಹೇಳುವುದೂ ಇಲ್ಲ. ಆದರೆ ಎಷ್ಟೋ ಸಲ ಹೊಟ್ಟೆ ಚುರುಕ್ ಎನ್ನುತ್ತದೆ. ‘ನನಗೊಬ್ಬನಿಗೇ ಹೀಗೆ’ ಎಂದು ಇಬ್ಬರೂ ಒಳಗೊಳಗೇ ಕೊರಗುತ್ತಿದ್ದಾರಲ್ಲಾ ಅಂತ.

ಒಬ್ಬರ ಬಗ್ಗೆ ಹೇಳಬೇಕು. ಹೆಸರು ಬೇಡ, ಅವರಿಗೆ ಕೇಳಿಯೇ ಬರೆಯುತ್ತಿದ್ದೇನೆ. ವಯಸ್ಸು ಐವತ್ತು ದಾಟಿದೆ, ಕೆಲಸದಲ್ಲಿ ಎತ್ತಿದ ಕೈ. ಒಂದು ಸಂಜೆ ಬಟ್ಟೆ ಅಂಗಡಿಯ ಕೈಚೀಲ ಹಿಡಿದುಕೊಂಡು ಬಂದರು. ಚೀಲದ ತುಂಬಾ ಬ್ಯಾಂಕಿನಿಂದ ಬಂದ ಲಕೋಟೆಗಳು. ಒಂದನ್ನೂ ಒಡೆದಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತರು. ಚೀಲ ಮಾತ್ರ ಮಡಿಲಲ್ಲೇ ಇತ್ತು.

‘ನಂಗೆ ಬಿಸಿನೆಸ್ ಮಾಡೋ ಯೋಗ್ಯತೆನೇ ಇಲ್ಲ ಮೇಡಂ. ಸುಮ್ನೆ ಕೆಲಸದಲ್ಲೇ ಇರಬೇಕಿತ್ತು’ ಅಂದರು.

ಸಮಾಧಾನ ಹೇಳಿದರೆ ಅವರಿಗೆ ಹಿಡಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರಿಗೆ ಒಬ್ಬ ತಮ್ಮ ಇದ್ದಾರೆ, ಊರಿನಲ್ಲಿ ಹಾಲಿನ ಡೈರಿ ವ್ಯವಹಾರ. ‘ನಿಮ್ಮ ತಮ್ಮ ಬಂದು ನಿಮ್ಮೆದುರು ಕೂತು ಇದೇ ಮಾತು ಹೇಳಿದ್ರೆ ಏನಂತೀರಿ ಸಾರ್?’ ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಮೊದ್ಲು ಊಟ ಮಾಡಿದ್ಯೇನೋ ಅಂತೀನಿ’ ಅಂದರು. ಆಮೇಲೆ, ‘ಯಾರ್ಯಾರಿಗೆ ಎಷ್ಟೆಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು, ಬರ್ಕೊಂಡು ಬಾ ಅಂತೀನಿ.’

ಒಂದು ಹಾಳೆ ತೆಗೆದು ಅವರ ಮುಂದೆ ಇಟ್ಟೆ. ಲಕೋಟೆಗಳನ್ನು ಒಂದೊಂದಾಗಿ ಅವರೇ ಒಡೆದರು, ತಾರೀಖಿನ ಪ್ರಕಾರ ಜೋಡಿಸಿದೆವು. ಒಂದೇ ಗಿರಾಕಿ ಕಂಪನಿಯಿಂದ ಬರಬೇಕಾಗಿದ್ದ ದುಡ್ಡು ಬ್ಯಾಂಕಿಗೆ ತಪ್ಪಿದ ಕಂತುಗಳಿಗಿಂತ ಜಾಸ್ತಿ ಇತ್ತು. ಅದನ್ನು ಕಂಡಾಗ ಅವರ ಭುಜ ಕೊಂಚ ಸಡಿಲವಾಯಿತು. ಆದರೆ ನನಗೆ ಮುಖ್ಯ ಅನ್ನಿಸಿದ್ದು ಅದರ ನಂತರದ್ದು. ‘ಇದ್ರಲ್ಲಿ ನನ್ನ ತಪ್ಪೂ ಇದೆ ಮೇಡಂ’ ಎಂದು ಅವರೇ ಶುರುಮಾಡಿದರು. ಮುಕ್ಕಾಲು ಪಾಲು ಕೆಲಸ ಒಂದೇ ಕಂಪನಿಯದ್ದು. ಕೆಲವು ಆರ್ಡರ್ ಬರೀ ಫೋನ್ ಮಾತಿನ ಮೇಲೆ ಹಿಡಿದದ್ದು, ಪಿಒ (ಬರಹದಲ್ಲಿ ಕೊಡುವ ಪರ್ಚೇಸ್ ಆರ್ಡರ್) ಇಲ್ಲ. ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಹೇಳಬಹುದಿತ್ತು, ಹೋಗಲಿಲ್ಲ. ಎಲ್ಲವನ್ನೂ ಅವರೇ ಎಣಿಸಿದರು. ‘ಯೋಗ್ಯತೆ ಇಲ್ಲ’ ಎಂದಾಗ ಕೈಗೆ ಹತ್ತುವಂಥದ್ದು ಏನೂ ಇರಲಿಲ್ಲ. ಈಗ ಸರಿಮಾಡಬಹುದಾದ ಮೂರು ವಿಷಯ ಹಾಳೆಯ ಮೇಲೆ ಕೂತಿದ್ದವು.

ತನ್ನ ಮೇಲೆ ಕರುಣೆ ತೋರಿದರೆ ತಪ್ಪುಗಳನ್ನು ಮುಚ್ಚಿಹಾಕಿದ ಹಾಗೆ ಅಂತ ಜನ ಅಂದುಕೊಂಡಿದ್ದಾರೆ. ನಾನು ಕಂಡಿರುವುದು ಇದಕ್ಕೆ ಉಲ್ಟಾ. ಬೈಗುಳ ನಿಂತಾಗಲೇ ತಪ್ಪು ಬಾಯಿಗೆ ಬರುತ್ತದೆ.

ಇದೇ ಮಾಲೀಕರು ತಮ್ಮ ಶಾಪ್‌ನಲ್ಲಿ ಹೇಗಿರುತ್ತಾರೆ ಎಂದು ನೋಡಬೇಕು. ಒಂದು ಸಲ ಸ್ಟಾಕ್ ನೋಡಲು ಹೋದಾಗ ನನ್ನ ಕಣ್ಣೆದುರೇ ನಡೆದದ್ದು. ಹೊಸದಾಗಿ ಸೇರಿದ ಹುಡುಗ ಸಿಎನ್‌ಸಿಯಲ್ಲಿ ಬುಷ್ ಹೊಡೆಯುತ್ತಿದ್ದ. ಹಳೇ ಇನ್ಸರ್ಟ್, ಅಂದರೆ ಲೋಹ ಕತ್ತರಿಸುವ ಅಲಗು, ಸವೆದಿತ್ತು, ಅದಕ್ಕೆ ತಕ್ಕಂತೆ ಮೆಷಿನ್ನಿಗೆ ಆಫ್‌ಸೆಟ್, ಅಂದರೆ ಅಳತೆಯ ಹೊಂದಾಣಿಕೆ, ಕೊಟ್ಟುಕೊಂಡು ಬಂದಿದ್ದ. ಹೊಸ ಇನ್ಸರ್ಟ್ ಹಾಕಿದ ಮೇಲೆ ಆಫ್‌ಸೆಟ್ ವಾಪಸ್ ತರಲು ಮರೆತ. ಬೋರ್, ಅಂದರೆ ಬುಷ್‌ನ ತೂತು, ದೊಡ್ಡದಾಯಿತು. ತೂತಿನ ಅಳತೆ ನೋಡುವ ಪ್ಲಗ್ ಗೇಜಿನಲ್ಲಿ ಒಳಗೆ ಹೋಗಬಾರದ ನೋ-ಗೋ ಕಡೆ ಸಲೀಸಾಗಿ ಒಳಗೆ ಹೋಯಿತು, ಅಂದರೆ ಪೀಸ್ ಸ್ಕ್ರ್ಯಾಪ್. ಚಿಕ್ಕದಾಗಿದ್ದರೆ ಇನ್ನೊಂದು ಕಟ್ ಕೊಟ್ಟು ರಿವರ್ಕ್ ಮಾಡಬಹುದು, ದೊಡ್ಡದಾದರೆ ಏನೂ ಮಾಡಲು ಬರುವುದಿಲ್ಲ. ಹುಡುಗನ ಮುಖ ಬಿಳಿಚಿಕೊಂಡಿತ್ತು. ಮಾಲೀಕರು ಮೆಷಿನ್ ನಿಲ್ಲಿಸಿದರು. ಟ್ರೇಯಲ್ಲಿದ್ದ ಪೀಸ್‌ಗಳನ್ನು ಹಿಂದಿನಿಂದ ಒಂದೊಂದೇ ಗೇಜ್ ಹಾಕುತ್ತಾ ಬಂದು, ಎಲ್ಲಿಂದ ಕೆಟ್ಟಿದೆ ಎಂದು ಹಿಡಿದರು. ಕೆಟ್ಟದ್ದನ್ನು ಕೆಂಪು ಡಬ್ಬಿಗೆ ಹಾಕಿಸಿದರು. ‘ಇನ್ಸರ್ಟ್ ಚೇಂಜ್ ಮಾಡಿದ್ಮೇಲೆ ಫಸ್ಟ್ ಪೀಸ್ ನನ್ಗೆ ತೋರ್ಸು. ಆಯ್ತು, ನಡಿ, ಶುರು ಮಾಡು’ ಅಂದರು. ಅಷ್ಟೇ. ದನಿ ಎತ್ತಲಿಲ್ಲ. ಹಾಗಂತ ಸಡಿಲವಾಗಿ ಬಿಡಲೂ ಇಲ್ಲ, ಅವತ್ತಿನಿಂದ ಫಸ್ಟ್ ಪೀಸ್ ತೋರಿಸುವುದು ಅಲ್ಲಿ ನಿಯಮವೇ ಆಯಿತು.

ಹುಡುಗನ ತಪ್ಪಿಗೆ ಇಷ್ಟು ಚೆಂದದ ಪದ್ಧತಿ ಇಟ್ಟುಕೊಂಡಿರುವವರು ತಮ್ಮ ತಪ್ಪಿಗೆ ಅದನ್ನೇ ಯಾಕೆ ಬಳಸಬಾರದು? ಮೆಷಿನ್ ನಿಲ್ಲಿಸು, ಎಲ್ಲಿಂದ ಕೆಟ್ಟಿತು ಹುಡುಕು, ಕೆಟ್ಟದ್ದನ್ನು ಬೇರೆ ಇಡು, ಆಫ್‌ಸೆಟ್ ಸರಿಮಾಡು, ಮತ್ತೆ ಶುರು ಮಾಡು. ತಮ್ಮ ವಿಷಯ ಬಂದಾಗ ಮಾತ್ರ ಕೆಟ್ಟ ಪೀಸ್ ಹಿಡಿದುಕೊಂಡು ವರ್ಷಗಟ್ಟಲೆ ಬೈದುಕೊಳ್ಳುತ್ತಾರೆ.

‘ನಮ್ಮನ್ನ ನಾವೇ ಮುದ್ದು ಮಾಡಿಕೊಂಡರೆ ಮೈಗಳ್ಳರಾಗುತ್ತೇವೆ’ ಎಂಬ ವಾದ ನನಗೆ ಹೊಸದಲ್ಲ. ಬೈದರೇ ಬುದ್ಧಿ ಬರುವುದು ಎಂದು ನಂಬಿ ಬೆಳೆದವರು ನಾವೆಲ್ಲ. ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಜೂಲಿಯಾನಾ ಬ್ರೈನ್ಸ್ ಮತ್ತು ಸೆರಿನಾ ಚೆನ್ ಎಂಬ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಪದಜ್ಞಾನದ ಕಷ್ಟದ ಪರೀಕ್ಷೆ ಕೊಟ್ಟರು, ಎಡವುವಷ್ಟು ಕಷ್ಟದ್ದು. ಆಮೇಲೆ ಕೆಲವರಿಗೆ ‘ಇಂಥ ಪರೀಕ್ಷೆ ಎಲ್ಲರಿಗೂ ಕಷ್ಟವಾಗುತ್ತದೆ, ನಿಮ್ಮ ಮೇಲೆ ನೀವು ತುಂಬಾ ಕಠಿಣ ಆಗಬೇಡಿ’ ಎಂಬರ್ಥದ ಮಾತು ಹೇಳಿದರು. ಕೆಲವರಿಗೆ ‘ನೀವು ಬುದ್ಧಿವಂತರೇ ಇರಬೇಕು, ಇಲ್ಲದಿದ್ದರೆ ಇಲ್ಲಿ ಸೀಟು ಸಿಗುತ್ತಿತ್ತೇ’ ಎಂದು ಹೊಗಳಿದರು. ಉಳಿದವರಿಗೆ ಏನೂ ಹೇಳಲಿಲ್ಲ. ಎರಡನೇ ಪರೀಕ್ಷೆಗೆ ಓದಿಕೊಳ್ಳಲು ಬಿಟ್ಟಾಗ ಜಾಸ್ತಿ ಹೊತ್ತು ಕೂತು ಓದಿದವರು ಮೊದಲನೇ ಗುಂಪಿನವರು. ಹೊಗಳಿಸಿಕೊಂಡವರಲ್ಲ. ಇದು ನನಗೆ ಬಹಳ ಹಿಡಿಸಿತು. ‘ನೀನು ಹುಲಿ, ನೀನು ಸಿಂಹ’ ಎಂದು ಉಬ್ಬಿಸುವ ಮೋಟಿವೇಷನ್ ಭಾಷಣಗಳಿಗೂ ಇದಕ್ಕೂ ಇರುವ ದೂರ ಇದರಿಂದ ಗೊತ್ತಾಗುತ್ತದೆ.

ಸ್ಟಾರ್ಟಪ್ ಲೋಕದ ಒಂದು ಮಾತೂ ನನಗೆ ಒಪ್ಪಿಗೆಯಿಲ್ಲ. ಬೇಗ ಸೋಲಿ, ಸೋಲನ್ನು ಸಂಭ್ರಮಿಸಿ ಅನ್ನುತ್ತಾರೆ. ಹೂಡಿಕೆದಾರರ ದುಡ್ಡು ಹೋದಾಗ ಹಾಗೆ ಹೇಳಬಹುದೇನೋ. ತಂದೆ ಕಟ್ಟಿಸಿದ ಮನೆಯ ಪತ್ರ ಬ್ಯಾಂಕಿನಲ್ಲಿ ಇದ್ದಾಗ ಸೋಲಿನಲ್ಲಿ ಸಂಭ್ರಮ ಎಲ್ಲಿಂದ ಬರಬೇಕು? ಅದು ದುಃಖವೇ. ಡೀನ್ ಶೆಫರ್ಡ್ ಎಂಬ ಪ್ರಾಧ್ಯಾಪಕರು 2003ರಲ್ಲಿ ಬರೆದ ಲೇಖನದಲ್ಲಿ ಇದನ್ನು ದುಃಖ ಎಂದೇ ಕರೆದರು. ತಮ್ಮದೇ ಕುಟುಂಬದ ವ್ಯಾಪಾರ ಮುಚ್ಚಿದ್ದನ್ನು, ತಂದೆ ಅದಕ್ಕೆ ನೊಂದದ್ದನ್ನು ಕಂಡವರು ಅವರು. ವ್ಯಾಪಾರ ಕಳೆದುಕೊಳ್ಳುವುದು ಆಪ್ತರನ್ನು ಕಳೆದುಕೊಂಡಂಥ ನೋವು, ಆ ನೋವು ಗಾಢವಾಗಿರುವಾಗ ಸೋಲಿನಿಂದ ಪಾಠ ಕಲಿಯಲು ಮನಸ್ಸಿಗೆ ಆಗುವುದಿಲ್ಲ ಎಂದರು. ಅವರು ಹೇಳುವ ದಾರಿ ನಮ್ಮ ಅಜ್ಜಿಯರಿಗೂ ಒಪ್ಪಿಗೆ ಆಗುವಂಥದ್ದು. ಒಂದಷ್ಟು ಹೊತ್ತು ಏನಾಯಿತು ಎಂದು ಯೋಚಿಸಬೇಕು, ಒಂದಷ್ಟು ಹೊತ್ತು ಅದನ್ನು ಬಿಟ್ಟು ಮುಂದಿನ ಕೆಲಸ ನೋಡಬೇಕು. ಎರಡರ ನಡುವೆ ಹೋಗಿ ಬರುತ್ತಾ ಇರಬೇಕು. ಒಂದರಲ್ಲೇ ಕೂತುಬಿಡಬಾರದು.

ಕರ್ನಾಟಕದಲ್ಲಿ ಈ ವಿಷಯ ಮಾತಾಡುವಾಗ 2019ರ ಜುಲೈ ಕೊನೆಯ ದಿನಗಳು ನೆನಪಾಗದೆ ಇರುವುದಿಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ಹಿನ್ನೆಲೆಯಿಂದ ಬಂದು, 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕಾಫಿ ಡೇ ತೆರೆದ ವಿ.ಜಿ. ಸಿದ್ಧಾರ್ಥ ತೀರಿಕೊಂಡ ಸುದ್ದಿ ಬಂತು. ಅವರದೆಂದು ಹೊರಬಂದ ಪತ್ರದಲ್ಲಿ, ಉದ್ಯಮಿಯಾಗಿ ತಾನು ಸೋತೆ ಎಂಬ ಮಾತಿತ್ತು. ಒಬ್ಬ ಮನುಷ್ಯನ ಒಳಗೆ ಏನೇನಿತ್ತು ಎಂದು ಹೊರಗಿನ ನಾವು ಹೇಳಬಾರದು. ಒಂದೇ ಕಾರಣ ಹುಡುಕುವುದೂ ತಪ್ಪು. ಆದರೆ ಅವತ್ತು ನಮ್ಮ ಕಡೆ ಶೆಡ್ಡುಗಳಲ್ಲಿ ಆದ ಮಾತು ನನಗೆ ನೆನಪಿದೆ. ‘ಅಷ್ಟು ದೊಡ್ಡೋರೇ ಸೋತೆ ಅಂದ್ಮೇಲೆ ನಾವ್ಯಾವ ಲೆಕ್ಕ ಮೇಡಂ?’ ಆ ಮಾತು ಕೇಳಿ ನನಗೆ ಹೆದರಿಕೆಯಾಯಿತು. ಎಷ್ಟು ಸಾವಿರ ಜನಕ್ಕೆ ಕೆಲಸ ಕೊಟ್ಟವರು ಅವರು. ಒಂದು ತಲೆಮಾರಿಗೆ ಕೂತು ಮಾತಾಡಲು ಜಾಗ ಮಾಡಿಕೊಟ್ಟವರು. ಅದೆಲ್ಲ ಸೋಲಿನ ಲೆಕ್ಕಕ್ಕೆ ಹೋಗುವಂಥದ್ದಲ್ಲ. 2020ರ ಡಿಸೆಂಬರಿನಲ್ಲಿ ಅವರ ಪತ್ನಿ ಮಾಳವಿಕಾ ಹೆಗ್ಡೆ ಕಂಪನಿಯ ಸಿಇಒ ಆದರು. ಆಸ್ತಿ ಮಾರಿ ಸಾಲ ಇಳಿಸುವ ಕೆಲಸ ನಡೆಯಿತು, ಸಾವಿರಾರು ಕೋಟಿ ಸಾಲ ಕರಗಿತು. ಕಷ್ಟ ಮುಗಿಯಿತು ಅಂತಲ್ಲ. ಆದರೆ ಆ ಕೆಲಸ ಮುಂದೆ ಸಾಗಿತು ಎನ್ನುವುದನ್ನು ನಾನು ಎಷ್ಟೋ ಮಾಲೀಕರಿಗೆ ನೆನಪಿಸಿದ್ದೇನೆ.

ಯಾರಾದರೂ ಮಾಲೀಕರು ‘ನಾನಿಲ್ಲದಿದ್ರೆ ಎಲ್ಲರಿಗೂ ಒಳ್ಳೇದು’ ಎಂಬ ಧಾಟಿಯಲ್ಲಿ ಮಾತಾಡಿದರೆ ನಾನು ಲೆಕ್ಕ ಬಿಟ್ಟು ಮೊದಲು ಅವರ ಮನೆಯವರನ್ನು ಕರೆಸುತ್ತೇನೆ. ಟೆಲಿ ಮಾನಸ್ ಸಹಾಯವಾಣಿ 14416 ನಂಬರನ್ನು ಚೀಟಿಯಲ್ಲಿ ಬರೆದು ಕೊಡುತ್ತೇನೆ. ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬೆಂಗಳೂರಿನಲ್ಲಿದ್ದರೆ ನಿಮ್ಹಾನ್ಸ್ ಇದೆ. ಬ್ಯಾಂಕಿನ ಸಾಲಕ್ಕೆ ದಾರಿ ಯಾವತ್ತೂ ಇರುತ್ತದೆ.

ದಾರಿ ಇದೆ ಅಂದದ್ದು ಬಾಯಿಮಾತಿಗಲ್ಲ. ಕಂತು ತಪ್ಪಿ 90 ದಿನ ಕಳೆದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು 30, 60, 90 ದಿನಗಳ ಮೂರು ಮೆಟ್ಟಿಲುಗಳಿವೆ, ಬ್ಯಾಂಕಿನವರು ಎಸ್‌ಎಂಎ-0, 1, 2 ಎನ್ನುತ್ತಾರೆ. ಸಣ್ಣ ಉದ್ಯಮಗಳ ಪುನಶ್ಚೇತನಕ್ಕೆಂದೇ 2015ರಲ್ಲಿ ಕೇಂದ್ರ ಸರ್ಕಾರ ಒಂದು ವ್ಯವಸ್ಥೆ ತಂದಿತು, 2016ರಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ಬ್ಯಾಂಕುಗಳಿಗೆ ಕಡ್ಡಾಯ ಮಾಡಿತು. 25 ಕೋಟಿವರೆಗಿನ ಸಾಲಕ್ಕೆ ಅನ್ವಯ. ಬ್ಯಾಂಕು ತಾನಾಗಿ ಬರುವವರೆಗೂ ಕಾಯಬೇಕಿಲ್ಲ. ಮುಂದೆ ಸಾಲ ಕಟ್ಟಲು ಆಗದೇ ಹೋಗಬಹುದು ಎನ್ನಿಸಿದಾಗ ಸಾಲ ತೆಗೆದುಕೊಂಡವರೇ ಅರ್ಜಿ ಕೊಡಬಹುದು. ಒಂದು ಸಮಿತಿ ಕೂತು, ಅಕೌಂಟ್ ಸರಿದಾರಿಗೆ ತರಬಹುದೋ, ಕಂತನ್ನು ಹೊಸದಾಗಿ ಹೊಂದಿಸಬೇಕೋ ಅಥವಾ ವಸೂಲಿಗೇ ಹೋಗಬೇಕೋ ಎಂದು ನೋಡುತ್ತದೆ. ಸಿಕ್ಕೇ ಸಿಗುತ್ತದೆ ಎಂದು ಹೇಳಲಾರೆ, ಆದರೆ ಮೊದಲ ಮೆಟ್ಟಿಲಲ್ಲಿ ಹೋದವರಿಗೂ ಮೂರನೇ ಮೆಟ್ಟಿಲಲ್ಲಿ ಹೋದವರಿಗೂ ಸಿಗುವ ಮರ್ಯಾದೆಯಲ್ಲೇ ವ್ಯತ್ಯಾಸ ಇರುತ್ತದೆ. ಕೈಚೀಲದವರು ಹೋದದ್ದು ಎರಡನೆಯದರಲ್ಲಿ. ಕಂತು ಉದ್ದವಾಯಿತು, ಬಡ್ಡಿ ಜಾಸ್ತಿ ಬಿತ್ತು, ಮೆಷಿನ್ ಉಳಿಯಿತು. ಇವತ್ತಿಗೂ ಕಟ್ಟುತ್ತಿದ್ದಾರೆ. ಗಿರಾಕಿಗಳು ಈಗ ಮೂವರು.

ಮುಖ ತೋರಿಸಲು ನಾಚಿ ಮನೆಯಲ್ಲಿ ಕೂತವರಿಗೆ ಆ ಅರ್ಜಿ ಇದ್ದೂ ಇಲ್ಲದ ಹಾಗೆ. ನನ್ನನ್ನು ಕೇಳಿದರೆ ನಮ್ಮ ಸಣ್ಣ ಉದ್ಯಮಗಳಿಗೆ ಆಗುತ್ತಿರುವ ದೊಡ್ಡ ನಷ್ಟಗಳಲ್ಲಿ ಈ ನಾಚಿಕೆಯೂ ಒಂದು. ಅದನ್ನು ಒಬ್ಬೊಬ್ಬರೇ ಮನೆಯಲ್ಲಿ ಕೂತು ಕಳೆದುಕೊಳ್ಳುವುದು ಕಷ್ಟ. ಅದಕ್ಕೇ ಕೈಗಾರಿಕಾ ಸಂಘಗಳವರಲ್ಲಿ ನನ್ನದೊಂದು ಕೋರಿಕೆ ಇದೆ. ನಿಮ್ಮ ಸಭೆಗಳಲ್ಲಿ ಪ್ರಶಸ್ತಿ ಕೊಡುತ್ತೀರಿ, ಹೊಸ ಮೆಷಿನ್ ಕಂಪನಿಯವರನ್ನು ಕರೆಸುತ್ತೀರಿ, ಒಳ್ಳೆಯದೇ. ಎರಡು ಮೂರು ತಿಂಗಳಿಗೊಂದು ಸಂಜೆ ಕಂತು ತಪ್ಪಿದವರಿಗೆ, ಪೇಮೆಂಟ್ ಸಿಕ್ಕಿಹಾಕಿಕೊಂಡವರಿಗೆ ಬಾಗಿಲು ತೆರೆದಿಡಿ. ಭಾಷಣ ಬೇಡ, ಬ್ಯಾನರ್ ಬೇಡ. ಶಾಪ್ ಮುಚ್ಚಿ ಮತ್ತೆ ತೆರೆದ ಹಿರಿಯರೊಬ್ಬರು ಮೊದಲು ಮಾತಾಡಲಿ. ಈ ಅರ್ಜಿಗಳನ್ನು ತುಂಬಲು ಬರುವ ನನ್ನಂಥ ಒಬ್ಬಿಬ್ಬರು ಮೂಲೆಯಲ್ಲಿ ಕೂತಿರುತ್ತೇವೆ, ಫೀಸು ತೆಗೆದುಕೊಳ್ಳುವುದಿಲ್ಲ. ತಿಂಗಳ 20ರ ಆಸುಪಾಸು ಬಿಟ್ಟು ಯಾವ ದಿನ ಆದರೂ ನಾನು ಬರುತ್ತೇನೆ.